ಬದುಕಿದ್ದವಳ ಸೂತಕ

ರವಿಕುಮಾರ ಎದುರಿಗೆ ಬಂದರೆ ನಾನು ಇವತ್ತಿಗೂ ಬಾಯಲ್ಲಿರುವ ಎಲೆಅಡಿಕೆ ಉಗಿಯಲು ಮೋರಿ ಕಡೆ ತಿರುಗುತ್ತೇನೆ. ಅದು ಅವನಿಗೂ ಗೊತ್ತು. ಆದರೆ ನಾನು ಹೇಳಹೊರಟಿದ್ದು ಅವನ ಕಥೆಯಲ್ಲ, ಅವನನ್ನು ಹೆತ್ತ ಚೆನ್ನಮ್ಮಕ್ಕನ ಕಥೆ. ಅವಳ ವಿಚಾರ ಎತ್ತಿದರೆ ಅವನು ಕಾಲಿಗೆ ತೊಡರಿಕೊಳ್ಳುತ್ತಾನೆ, ಏನು ಮಾಡಲಿ.

ತಮಿಳುನಾಡಿನ ಹೊಸೂರಿನಲ್ಲಿ ನನ್ನದೊಂದು ಹಿಟ್ಟಿನ ಮಿಷನ್ನು ಇದೆ. ಗಂಡ ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ರಾಗಿ, ಅಕ್ಕಿ, ಮೆಣಸಿನಕಾಯಿ, ಯಾರು ಏನು ತಂದರೂ ಬೀಸಿಕೊಡುತ್ತೇನೆ. ಮಿಷನ್ನಿಗೆ ಅಂಟಿಕೊಂಡಂತಿರುವ ವಠಾರದಲ್ಲಿ ರವಿಕುಮಾರ, ಅವನ ಹೆಂಡತಿ ಕೋಮಲಾ, ಮಗಳು ಮಾಲಿನಿ ಬಾಡಿಗೆಗಿದ್ದರು. ಗಂಡ ಹೆಂಡತಿ ಇಬ್ಬರಿಗೂ ಫ್ಯಾಕ್ಟರಿ ಕೆಲಸ, ಇಬ್ಬರಿಗೂ ಶಿಫ್ಟು. ಮಗುವನ್ನು ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬರಲು ಒಬ್ಬರು ಬೇಕಾಯಿತು. ಆಗ ಊರಲ್ಲಿದ್ದ ತಾಯಿಯ ನೆನಪಾಯಿತು ಅವನಿಗೆ. ಇಲ್ಲಿಂದ ಬೇರಿಕೆ ಊರು ದಾಟಿದರೆ ಕರ್ನಾಟಕದ ಗಡಿ. ಗಡಿಯಾಚೆ ಮಾಲೂರು ತಾಲೂಕಿನ ಒಂದು ಸಣ್ಣ ಹಳ್ಳಿಯಿಂದ ಚೆನ್ನಮ್ಮಕ್ಕ ಒಂದು ಟ್ರಂಕು, ಒಂದು ಒನಕೆ ಹಿಡಿದುಕೊಂಡು ಬಂದಳು. ಬಾಡಿಗೆ ಮನೆಯಲ್ಲಿ ಒನಕೆ ಯಾಕೆಂದು ಕೋಮಲಾ ಅದನ್ನು ಬಚ್ಚಲಿನ ಹಿಂದೆ ಇಟ್ಟಳು. ಚೆನ್ನಮ್ಮಕ್ಕ ಅದನ್ನು ಅಲ್ಲಿಂದ ತಂದು ನನ್ನ ಮಿಷನ್ನಿನ ಮೂಲೆಗೆ ನಿಲ್ಲಿಸಿದಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವಳಿಗೆ ಅಕ್ಷರ ಗೊತ್ತಿಲ್ಲ. ಆದರೆ ಸ್ಕೂಲು ಎಂದರೆ ದೇವಸ್ಥಾನಕ್ಕಿಂತ ಒಂದು ಕೈ ಹೆಚ್ಚು. ಮೊಮ್ಮಗಳನ್ನು ಗೇಟಿನೊಳಗೆ ಬಿಟ್ಟ ಮೇಲೂ ಅಲ್ಲೇ ನಿಂತಿರುತ್ತಿದ್ದಳು, ಬೆಲ್ಲು ಹೊಡೆದು ಗೇಟು ಮುಚ್ಚುವವರೆಗೂ. ತಡವಾಗಿ ಓಡಿಬರುವ ಬೇರೆಯವರ ಮಕ್ಕಳನ್ನೂ ಬಿಡುತ್ತಿರಲಿಲ್ಲ. "ಏನ್ಲಾ, ಈಗ ಬೆಳಗಾಯ್ತಾ ನಿಂಗೆ? ಓಡ್ಲಾ!" ಎಂದು ಬೆನ್ನಿಗೆ ಒಂದು ತಟ್ಟಿ ಒಳಗೆ ನೂಕುತ್ತಿದ್ದಳು. ಮಕ್ಕಳಿಗೆ ಅವಳೆಂದರೆ ಹೆದರಿಕೆ, ಸಲಿಗೆ ಎರಡೂ. ಟೀಚರುಗಳು ಅವಳನ್ನು 'ಗೇಟ್ ಪಾಟಿ' ಎಂದು ಕರೆಯುತ್ತಿದ್ದರು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಅದನ್ನು ಕೇಳಿಸಿಕೊಂಡು ಬಂದು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಅವಳ ಈ ಸ್ಕೂಲಿನ ಹುಚ್ಚು ಎಲ್ಲಿಂದ ಬಂತೆಂದು ಒಂದು ದಿನ ಕೇಳಿದೆ. ಮೂಟೆಯ ಮೇಲೆ ಕೂತು ರಾಗಿ ಕೇರುತ್ತಾ, ಯಾರದೋ ಮನೆಯ ಸಮಾಚಾರ ಹೇಳುವ ಹಾಗೆ ಹೇಳಿದಳು. ರವಿಕುಮಾರ ಎಸ್ಸೆಸ್ಸೆಲ್ಸಿಯಲ್ಲಿದ್ದ. ಲೆಕ್ಕದ ಪರೀಕ್ಷೆಯ ದಿನ ಬೆಳಗಿನ ಜಾವ ಗಂಡ ಮುನಿಯಲ್ಲಪ್ಪ ಸತ್ತುಹೋದ. ಇವಳು ಒಂದು ಹನಿ ಕಣ್ಣೀರು ಹಾಕದೆ ಗಂಡನ ಕತ್ತಿನವರೆಗೆ ಕಂಬಳಿ ಹೊದಿಸಿ, ಮಗನ್ನ ಎಬ್ಬಿಸಿ, ನಿಮ್ಮಪ್ಪನಿಗೆ ಜ್ವರ, ಮಲಗವ್ನೆ, ಮಾತಾಡಿಸಬ್ಯಾಡ ಎಂದು ಹೇಳಿ, ಮುದ್ದೆ ಉಣ್ಣಿಸಿ ಮಾಲೂರಿನ ಬಸ್ಸು ಹತ್ತಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಲ್ಲೇ ರಸ್ತೆಯಲ್ಲಿ ಕೂತು ಕಿರುಚಿಕೊಂಡಳಂತೆ. ಊರಿನವರು ಬಾಯಿಗೆ ಬಂದಂತೆ ಬೈದರು. ಗಂಡ ಸತ್ತರೂ ಅಳದೆ ಮಗನನ್ನು ಬಸ್ಸು ಹತ್ತಿಸಿದ ಕಲ್ಲೆದೆಯವಳು ಎಂದರು.

"ಸತ್ತೋನು ಸಾಯಂಗಾಲದ ಗಂಟ ಕಾದ ಕಣಮ್ಮಿ. ಪರೀಕ್ಸೆಯೋರು ಕಾಯ್ತಿದ್ರಾ?" ಎಂದಳು ನನಗೆ. ಆ ಹುಡುಗ ಪಾಸಾದ, ಐಟಿಐ ಮಾಡಿದ, ಹೊಸೂರಿನಲ್ಲಿ ಕೆಲಸ ಹಿಡಿದ, ಸೂಪರ್‌ವೈಸರ್ ಆದ.

ಈಗ ಆ ಸೂಪರ್‌ವೈಸರ್ ಮಾಡಿದ್ದು ಕೇಳಿ.

ನಮ್ಮ ಕಡೆ ಫ್ಯಾಕ್ಟರಿಗೆ ಬಂದ ಅರ್ಧ ಜನ ಕರ್ನಾಟಕದವರು. ಅಲ್ಲಿ ದಸರಾಕ್ಕೆ ಸ್ಕೂಲುಗಳಿಗೆ ಉದ್ದದ ರಜೆ. ಇಲ್ಲಿ ತಮಿಳುನಾಡಿನಲ್ಲಿ ಕ್ವಾರ್ಟರ್ಲಿ ಪರೀಕ್ಷೆ ಮುಗಿದ ಮೇಲೆ ಒಂದಿಷ್ಟು ದಿನ, ಅಷ್ಟೇ. ಅಲ್ಲಿ ಅಣ್ಣನ ಮಕ್ಕಳಿಗೆ ರಜೆ ಬಂತೆಂದು ಇಲ್ಲಿಯ ಮಕ್ಕಳನ್ನು ಪಾಠದ ನಡುವೆ ಎಬ್ಬಿಸಿಕೊಂಡು ಹೋಗುವುದು, ಬರುವಾಗ ಜ್ವರವಿತ್ತೆಂದು ಚೀಟಿ ಬರೆಯುವುದು. ಹಿಂದಿನ ವರ್ಷ ಒಂದು ಕ್ಲಾಸಿನಲ್ಲಿ ಪಾಠ ಕೇಳಲು ಮಕ್ಕಳೇ ಇರಲಿಲ್ಲವಂತೆ. ಮಾಲಿನಿಯ ಸ್ಕೂಲಿನ ಹೆಡ್ ಮಿಸ್‌ಗೆ ತಲೆಕೆಟ್ಟು, ಈ ವರ್ಷ ಕಾಯಿಲೆಗೆ ಡಾಕ್ಟರ ಸರ್ಟಿಫಿಕೇಟು ಬೇಕು, ಊರು ಸುತ್ತಲು ಹೋದರೆ ಟಿ.ಸಿ. ಕೊಟ್ಟು ಕಳಿಸುತ್ತೇವೆ ಎಂದು ತಂದೆ ತಾಯಿಯರನ್ನೆಲ್ಲ ಕೂರಿಸಿ ಹೇಳಿದರು. ಒಂದಕ್ಕೆ ಮಾತ್ರ ಏನೂ ಕೇಳುವುದಿಲ್ಲ ಎಂದರು: ಮನೆಯಲ್ಲಿ ಸಾವಾದರೆ. ಸೂತಕದ ಮನೆಯವರನ್ನು ಕಾಗದ ತನ್ನಿ ಎಂದು ಯಾರು ಕೇಳುತ್ತಾರೆ? ಹನ್ನೊಂದನೇ ದಿನದ ತಿಥಿ ಮುಗಿಸಿಕೊಂಡು ಬನ್ನಿ, ಸಾಕು.

ಒಳ್ಳೆಯ ಮನಸ್ಸಿನಿಂದ ಬಿಟ್ಟ ಆ ಒಂದು ಸಂದಿಯಲ್ಲಿ ರವಿಕುಮಾರ ಹಾವಿನಂತೆ ನುಸುಳಿದ.

ಅದು ಎರಡು ಸಾವಿರದ ನಾಲ್ಕರ ಆಷಾಢ. ಮಾಲಿನಿ ನಾಲ್ಕನೇ ಕ್ಲಾಸು. ಫ್ಯಾಕ್ಟರಿಯ ಸ್ನೇಹಿತರೆಲ್ಲ ಸೇರಿ ಟೆಂಪೋ ಗೊತ್ತುಮಾಡಿ ಪಳನಿ, ಕೊಡೈಕನಾಲು, ಕನ್ಯಾಕುಮಾರಿ ಸುತ್ತುವುದೆಂದು ತೀರ್ಮಾನವಾಯಿತು. ಸ್ಕೂಲಿನ ರಜೆಯವರೆಗೆ ಯಾಕೆ ಕಾಯಲಿಲ್ಲ ಗೊತ್ತೇ? ಶ್ರಾವಣ ಬಂದರೆ ಮೀನು ಮಾಂಸ ಬಿಡಬೇಕು. ಸಮುದ್ರದ ಪಕ್ಕ ಹೋಗಿ ಮೀನು ತಿನ್ನದೆ ಬರುವುದುಂಟೇ! ಹಾಗಾಗಿ ಶ್ರಾವಣಕ್ಕೆ ಮೊದಲೇ ಹೊರಡಬೇಕು. ಅದಕ್ಕೆ ಇವನು ಟೆಂಪೋ ಹತ್ತುವ ಮೊದಲು ಸ್ಕೂಲಿಗೆ ಹೋಗಿ, ಜೋಲುಮುಖ ಹಾಕಿಕೊಂಡು, ನಮ್ಮ ತಾಯಿ ಊರಲ್ಲಿ ತೀರಿಕೊಂಡರು ಎಂದು ಚೀಟಿ ಕೊಟ್ಟು ಬಂದ. ಬಂದು ಅದೇ ತಾಯಿ ಕಟ್ಟಿಕೊಟ್ಟ ಚಿತ್ರಾನ್ನದ ಬುತ್ತಿ ಹಿಡಿದುಕೊಂಡು ಹೊರಟ.

ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಚೆನ್ನಮ್ಮಕ್ಕನಿಗೆ ಅವನು ಹೇಳಿದ್ದು, ಮಾಲಿನಿಯ ಕ್ಲಾಸಿಗೆ ಮಾತ್ರ ರಜೆ ಬಿಟ್ಟಿದ್ದಾರೆ, ಕಟ್ಟಡ ರಿಪೇರಿ ಎಂದು. ಬೀದಿಯಲ್ಲಿ ಯೂನಿಫಾರಂ ಹಾಕಿದ ಮಕ್ಕಳು ಹೋಗುವುದನ್ನು ನೋಡುತ್ತಾ ಅವಳು ಸಪ್ಪಗೆ ಕೂತಿರುತ್ತಿದ್ದಳು. "ರಿಪೇರಿ ಕೆಲ್ಸ ಬ್ಯಾಗ ಮುಗೀತದಾ ಅಂಜಮ್ಮ?" ಎಂದು ದಿನಕ್ಕೊಂದು ಸಲ ಕೇಳುತ್ತಿದ್ದಳು.

ಶನಿವಾರ ಮಧ್ಯಾಹ್ನ ಮಿಷನ್ನಿನ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತರು. ಕೊಡೆ, ಕೈಚೀಲ, ನಡೆದು ನಡೆದು ಕೆಂಪಾದ ಮುಖ. ಮಾಲಿನಿಯ ಕ್ಲಾಸ್ ಟೀಚರ್ ಶ್ಯಾಮಲಮ್ಮ ಎಂದು ಹೇಳಿಕೊಂಡರು. ಸಾವಿನ ಮನೆಗೆ ಹೋಗುವವರು ಮಾತಾಡುವ ಹಾಗೆ ಮೆಲ್ಲಗೆ ಕೇಳಿದರು: "ಅಜ್ಜಿ ತೀರ್ಕೊಂಡ್ರಲ್ಲ, ಅವರ ಮನೆ ಯಾವುದಮ್ಮ? ಊರಿಂದ ಯಾರಾದ್ರೂ ವಾಪಸ್ಸು ಬಂದಿದಾರಾ? ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ."

"ಯಾವ ಅಜ್ಜಿ ಮಿಸ್?"

"ನಮ್ಮ ಗೇಟ್ ಪಾಟಿ. ಮಾಲಿನಿ ಅಜ್ಜಿ." ಅವರ ಕಣ್ಣು ತುಂಬಿತ್ತು. "ಅಸೆಂಬ್ಲಿಯಲ್ಲಿ ಹೆಡ್ ಮಿಸ್ ಹೇಳಿದಾಗ ಸಣ್ಣ ಮಕ್ಕಳೆಲ್ಲ ಅತ್ತುಬಿಟ್ವು. ಇಡೀ ಸ್ಕೂಲು ಎದ್ದು ನಿಂತು ಎರಡು ನಿಮಿಷ ಮೌನ ಮಾಡಿದ್ವಿ."

ಅಷ್ಟರಲ್ಲಿ ಒಳಗಿನಿಂದ, ಮಿಷನ್ನಿನ ಹಿಂದೆ ಜರಡಿ ಹಿಡಿದುಕೊಂಡಿದ್ದ ಚೆನ್ನಮ್ಮಕ್ಕ ಯಾರೋ ಮಿಸ್ಸಿನ ದನಿ ಕೇಳಿತೆಂದು ಖುಷಿಯಿಂದ ಎದ್ದು ಬಂದಳು. ತಲೆ, ರೆಪ್ಪೆ, ಕೈ ಎಲ್ಲಾ ಅಕ್ಕಿಹಿಟ್ಟು. ಶ್ಯಾಮಲಾ ಮಿಸ್ ಅಮ್ಮಾ ಎಂದು ಚೀರಿ ಕೊಡೆ ಕೆಳಗೆ ಹಾಕಿ ರಸ್ತೆಗೆ ಇಳಿದುಬಿಟ್ಟರು. ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಅವರನ್ನು ಕೂರಿಸಿ ನೀರು ಕೊಟ್ಟೆ. ಚೀಟಿಯ ವಿಚಾರ ಎಲ್ಲ ಹೇಳಿದರು. ಚೆನ್ನಮ್ಮಕ್ಕ ನೆಲ ನೋಡುತ್ತಾ ಕೇಳಿಸಿಕೊಂಡಳು. ಅತ್ತಾಳೆಂದುಕೊಂಡೆ. ಅಳಲಿಲ್ಲ.

"ರಿಪೇರಿ ಇಲ್ವಾ ಹಂಗಾರೆ?" ಎಂದಳು ಕೊನೆಗೆ.

"ಯಾವ ರಿಪೇರಿ ಪಾಟಿ?"

"ಪಾಠ ನಡೀತಾ ಐತಾ?"

"ದಿನಾ ನಡೀತಿದೆ."

ತನ್ನ ಸಾವಿನ ಸುದ್ದಿ ಕೇಳಿದಾಗ ಬಾಡದ ಮುಖ ಆ ಮಾತಿಗೆ ಬಾಡಿತು. "ಮಗೀಗೆ ಪಾಠ ಹೋಯ್ತಲ್ಲ" ಎಂದಳು.

ಶ್ಯಾಮಲಾ ಮಿಸ್ ಒಳ್ಳೆಯವರು, ಆದರೆ ಕೆಲಸಕ್ಕಿರುವವರು. ಹೆಡ್ ಮಿಸ್‌ಗೆ ಹೇಳದೆ ಇರಲು ಆಗುವುದಿಲ್ಲ, ಹೇಳಿದರೆ ಮಾಲಿನಿಯ ಹೆಸರು ತೆಗೆಯುತ್ತಾರೆ, ನಡು ವರ್ಷದಲ್ಲಿ ಬೇರೆ ಸ್ಕೂಲು ಸಿಗುವುದೂ ಕಷ್ಟ ಎಂದು ಸಂಕಟಪಟ್ಟರು. ಮಾಲಿನಿಯ ಅಪ್ಪ ಊರಿಗೆ ಬಂದ ತಕ್ಷಣ ಅವರೇ ಸ್ಕೂಲಿಗೆ ಬಂದು ಹೆಡ್ ಮಿಸ್ ಕಾಲು ಹಿಡಿಯಲಿ ಎಂದರು. ಏಳುವಾಗ ಅಭ್ಯಾಸಬಲದಿಂದ, ಸಾವಿನ ಮನೆಯಲ್ಲಿ ಹೇಳಬಾರದೆಂದು, 'ಹೋಗಿ ಬರ್ತೀನಿ' ಎನ್ನದೆ ಹೊರಟವರು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು "ಹೋಗಿ ಬರ್ತೀನಿ ಪಾಟಿ" ಎಂದು ಹೇಳಿ ಹೋದರು.

ರವಿಕುಮಾರನ ಸಂಸಾರ ಬಂದದ್ದು ಮುಂದಿನ ವಾರ. ವಠಾರದ ಬಾಗಿಲಲ್ಲಿ ಆಟೋ ನಿಂತಿತು. ಒಣಮೀನಿನ ವಾಸನೆ ಅವರಿಗಿಂತ ಮೊದಲು ಇಳಿಯಿತು. ಕೋಮಲಾಳ ಕತ್ತಿನಲ್ಲಿ ಕಪ್ಪೆಚಿಪ್ಪಿನ ಸರ. ಮಾಲಿನಿ ಮೂಗು ಸುಲಿದುಕೊಂಡು ಕರ್ರಗಾಗಿದ್ದಳು. ಅಜ್ಜಿಯನ್ನು ಕಂಡು ತಬ್ಬಿಕೊಳ್ಳಲು ಓಡಿಬಂದವಳು ಯಾಕೋ ಅರ್ಧಕ್ಕೆ ನಿಂತಳು. ಮಗುವಿಗೂ ಹೇಳಿಕೊಟ್ಟಿದ್ದರು, ಯಾರಾದರೂ ಕೇಳಿದರೆ ಅಜ್ಜಿ ಸತ್ತುಹೋದರು ಅನ್ನು ಎಂದು. ಒಂಬತ್ತು ವರ್ಷದ ಮಗುವಿಗೆ! ಆಮೇಲೆ ರವಿಕುಮಾರ ಇಳಿದ. ತಲೆ ನುಣ್ಣಗೆ ಬೋಳಿಸಿಕೊಂಡಿದ್ದ. ಪಳನಿಯಲ್ಲಿ ಮುಡಿ ಕೊಟ್ಟಿರಬೇಕು, ಇರಲಿ. ಮೀಸೆಯೂ ಇರಲಿಲ್ಲ.

ಇದು ಓದುವವರಿಗೆ ಏನೂ ಅನ್ನಿಸದಿರಬಹುದು. ಅವರ ಕುಲದಲ್ಲಿ ಹೆತ್ತವರು ಬದುಕಿರುವಾಗ ಗಂಡಸು ಮೀಸೆ ತೆಗೆಸುವುದಿಲ್ಲ. ಮುಡಿ ಕೊಟ್ಟರೂ ಮೀಸೆ ಉಳಿಸಿಕೊಂಡು ಬರುತ್ತಾರೆ. ತಂದೆಯೋ ತಾಯಿಯೋ ಸತ್ತಾಗ ಮಾತ್ರ ಕತ್ತಿ ಮೀಸೆಗೆ ಬರುತ್ತದೆ, ಅದು ಈ ಸುತ್ತಿನವರಿಗೆಲ್ಲ ಗೊತ್ತು. ಸ್ಕೂಲಿನವರಿಗೆ ಅನುಮಾನ ಬರಬಾರದು ಎಂದು ಈ ಮಹಾನುಭಾವ, ತಾಯಿ ಮನೆಯಲ್ಲಿ ಅವನ ಬಟ್ಟೆ ಒಗೆದು ಮಡಚಿಡುತ್ತಿರುವಾಗ, ತಾಯಿಗಾಗಿ ಮೀಸೆ ಬೋಳಿಸಿಕೊಂಡು ಬಂದಿದ್ದ.

ಚೆನ್ನಮ್ಮಕ್ಕ ಹೊಸ್ತಿಲ ಮೇಲೆ ನಿಂತು ಅವನ ಮುಖವನ್ನೇ ನೋಡಿದಳು.

"ಮೀಸೆ ಎಲ್ಲೋ?"

"ಬೆಳೀತದೆ ಬಿಡಮ್ಮ" ಎಂದು ಚಿಪ್ಪು ಅಂಟಿಸಿದ ಒಂದು ಸಣ್ಣ ಕನ್ನಡಿ ಅವಳ ಕೈಗೆ ಕೊಟ್ಟ. "ನಿಂಗೇ ತಂದಿದ್ದು."

ಶ್ಯಾಮಲಾ ಮಿಸ್ ಬಂದು ಹೋದದ್ದನ್ನು ನಾನೇ ಹೇಳಿದೆ, ಉಗಿದೇ ಹೇಳಿದೆ. ಅವನು ಒಂದು ಗಳಿಗೆ ಬಿಳಿಚಿಕೊಂಡ. ಆಮೇಲೆ ನಕ್ಕ. ಸಾವಿನ ಸುದ್ದಿ ಹಬ್ಬಿದರೆ ಅಮ್ಮನಿಗೆ ಆಯಸ್ಸು ಜಾಸ್ತಿ ಎಂದ. ಕೂತು ಮೀನು ಹುರಿಸಿಕೊಂಡು ತಿಂದ. ತಿನ್ನುತ್ತಿರುವಾಗಲೇ ಅವನಿಗೆ ಉಪಾಯ ಹೊಳೆಯಿತು.

ನಮ್ಮ ಕಡೆ ಕಾಗೆ ಬಂದು ತಲೆಗೆ ಬಡಿದರೆ ಸಾವಿನ ಸೂಚನೆ ಎನ್ನುತ್ತಾರೆ. ಆ ದೋಷ ಕಳೆಯಲು, ಬಡಿಸಿಕೊಂಡವರು ಸತ್ತೇಹೋದರೆಂದು ಹತ್ತಿರದವರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ಅತ್ತರೆ ದೋಷ ತೀರಿತು. ಆಮೇಲೆ ನಿಜ ತಿಳಿಸಿ ಎಲ್ಲರೂ ನಗುತ್ತಾರೆ. ಹೆಡ್ ಮಿಸ್ ಕೃಷ್ಣಗಿರಿ ಕಡೆಯವರು, ಅವರಿಗೂ ಈ ನಂಬಿಕೆ ಗೊತ್ತು. "ಅಮ್ಮಾ, ನಾಳೆ ನನ್ ಜೊತೆ ಬಂದು ಕಾಗೆ ಬಡೀತು ಅಂತ ಒಂದ್ಮಾತು ಹೇಳ್ಬುಡು ಸಾಕು" ಎಂದ. "ಇಲ್ಲಾಂದ್ರೆ ನಿನ್ ಮೊಮ್ಮಗಳಿಗೇ ಟಿ.ಸಿ." ಎಲ್ಲಿ ಹಿಡಿದರೆ ನೋಯುತ್ತದೆಂದು ಹೆತ್ತ ಮಗನಿಗೆ ಗೊತ್ತಿರದೆ ಇರುತ್ತದೆಯೇ.

ಚೆನ್ನಮ್ಮಕ್ಕ ಮರುದಿನ ಬೆಳಿಗ್ಗೆ, ಒಗೆದ ಸೀರೆ ಉಟ್ಟು ನನ್ನ ಹತ್ತಿರ ಬಂದು "ನೀನೂ ಬಾರಮ್ಮಿ" ಎಂದಳು. ಮಿಷನ್ನಿಗೆ ಬೀಗ ಹಾಕಿ ಹೋದೆ.

ಹೆಡ್ ಮಿಸ್ ಚೆನ್ನಮ್ಮಕ್ಕನನ್ನು ಕಂಡು ಎದ್ದು ನಿಂತರು. "ಉಕ್ಕಾರುಂಗೊ ಪಾಟಿ" ಎಂದು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ, ಸ್ಕೂಲಿನಲ್ಲಿ ಅವಳು ಯಾವತ್ತೂ ಕೂತವಳಲ್ಲ. ಮಾಲಿನಿ ಅವಳ ಸೆರಗಿನ ಹಿಂದೆ ಅಡಗಿಕೊಂಡಿದ್ದಳು. ರವಿಕುಮಾರ ಕೈಕಟ್ಟಿ ನಿಂತು ಕಾಗೆಯ ಕಥೆ ಬಿಚ್ಚಿದ. ಅರ್ಧ ತಮಿಳು, ಅರ್ಧ ಕನ್ನಡ. ಕಾಗೆ ಯಾವ ಕಡೆಯಿಂದ ಬಂತು, ಹೇಗೆ ಕುಕ್ಕಿತು, ಅಮ್ಮ ಹೇಗೆ ಬೆಚ್ಚಿಬಿದ್ದರು, ಎಲ್ಲಾ ವರ್ಣಿಸಿದ. ಸ್ಕೂಲಿನ ಮಕ್ಕಳು ಅತ್ತದ್ದರಿಂದಲೇ ನಮ್ಮಮ್ಮ ಉಳಿದರು ಮೇಡಂ ಎಂದು ಕೈ ಮುಗಿದ.

ಹೆಡ್ ಮಿಸ್ ಮುಖ ಸಡಿಲವಾಗುತ್ತಿತ್ತು. ಇನ್ನೇನು ನಂಬಿಬಿಡುತ್ತಿದ್ದರು. ಆಗ ಅವರ ಕಣ್ಣು ಅವನ ಮೂಗಿನ ಕೆಳಗೆ ನಿಂತಿತು.

"ಸುಳ್ಳು ಸುದ್ದಿ ಅಂತೀರಿ. ಹಾಗಾದರೆ ಮೀಸೆ ಯಾಕೆ ತೆಗೆದ್ರಿ?"

"ಪಳನಿಯಲ್ಲಿ ಮೇಡಂ..." ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಪಳನಿಗೆ ಯಾವಾಗ ಹೋದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೆಡ್ ಮಿಸ್ ಚೆನ್ನಮ್ಮಕ್ಕನ ಕಡೆ ತಿರುಗಿದರು. "ಪಾಟಿ, ನೀವು ಹೇಳಿ. ನೀವು ಹೇಳಿದ್ದನ್ನ ನಂಬ್ತೀನಿ. ಕಾಗೆ ಬಡೀತಾ?"

ರವಿಕುಮಾರ ತಾಯಿಯ ಕಡೆ ಕಣ್ಣಲ್ಲೇ ಗೋಗರೆದ. ಹೌದೆಂದರೆ ಮಗುವಿಗೆ ಸ್ಕೂಲು ಉಳಿಯುತ್ತದೆ. ಚೆನ್ನಮ್ಮಕ್ಕ ಹಿಂದೆ ಕೈ ಹಾಕಿ ಮಾಲಿನಿಯನ್ನು ಮುಂದಕ್ಕೆ ಎಳೆದುಕೊಂಡು, ಅವಳ ತಲೆಯ ಮೇಲೆ ಕೈ ಇಟ್ಟಳು.

"ಕಾಗೆ ಗೀಗೆ ಏನೂ ಇಲ್ಲ ತಾಯಿ. ಸ್ಕೂಲ್ನಾಗೆ ನಿಂತ್ಕಂಡು ಸುಳ್ಳೇಳಕ್ಕೆ ನಂಗೆ ಬರಕಿಲ್ಲ. ನನ್ ಮಗ ಮೀಸೆ ಬೋಳಿಸ್ಕಂಡವ್ನೆ. ಹೆತ್ತೋಳು ಸತ್ರೇನೇ ಅದನ್ನ ತೆಗ್ಯೋದು. ಅಂದ್ಮೇಲೆ ಅವ್ನ ಪಾಲಿಗೆ ನಾನು ಸತ್ತಿರೋದು ದಿಟ. ಚೀಟೀಲಿ ಬರ್ದಿರೋದು ಸುಳ್ಳಾಗ್ಲಿಲ್ಲ. ಇವತ್ತಿಂದ ನಾನು ಅವ್ನ ಮನೆ ಹೊಸ್ಲು ತುಳಿಯಕಿಲ್ಲ, ಅವ್ನ ಕೈನ ಅನ್ನ ಉಣ್ಣಕಿಲ್ಲ. ಸತ್ತೋರು ಹೆಂಗಿರ್ತಾರೋ ಹಂಗಿರ್ತೀನಿ. ಮಗೂನ ಮಾತ್ರ ಕ್ಲಾಸಿಗೆ ಕಳಿಸ್ಬುಡಿ ತಾಯಿ, ಬೆಲ್ ಹೊಡೆಯೋ ಹೊತ್ತಾಯ್ತು."

ಹೆಡ್ ಮಿಸ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಮಾಲಿನಿಯ ಬೆನ್ನ ಮೇಲೆ ಕೈಯಿಟ್ಟು ತಾವೇ ಕ್ಲಾಸಿನವರೆಗೆ ಕರೆದುಕೊಂಡು ಹೋದರು. ಹೆಸರು ತೆಗೆಯಲಿಲ್ಲ.

ಆಡಿದ ಮಾತಿನಂತೆ ಚೆನ್ನಮ್ಮಕ್ಕ ಆ ದಿನವೇ ಟ್ರಂಕು ತಂದು ನನ್ನ ಮಿಷನ್ನಿನ ಹಿಂದಿನ ಕೋಣೆಯಲ್ಲಿಟ್ಟಳು. ಚಿಪ್ಪಿನ ಕನ್ನಡಿ ಅಲ್ಲೇ ಮಗನ ಮನೆಯಲ್ಲಿ ಉಳಿಯಿತು. ನನಗೆ ಮಿಷನ್ನಿನಲ್ಲಿ ಕೈಜೋಡಿಸುತ್ತಿದ್ದಳು, ತನ್ನ ಮುದ್ದೆ ತಾನೇ ತೊಳಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ವಠಾರದ ಬಾಗಿಲಿನಿಂದಾಚೆ ರಸ್ತೆಯಲ್ಲಿ ನಿಂತಿರುತ್ತಿದ್ದಳು. ಮಾಲಿನಿ ಬ್ಯಾಗು ಏರಿಸಿಕೊಂಡು ಬಂದು ಅವಳ ಕೈ ಹಿಡಿಯುತ್ತಿದ್ದಳು. ಗೇಟಿನವರೆಗೆ ಇಬ್ಬರೂ. ರವಿಕುಮಾರ ಮೊದಮೊದಲು ಬಂದು ಕರೆದ, ಜನ ಏನೆನ್ನುತ್ತಾರೆ ಎಂದು ಗೊಣಗಿದ. ಜನ ಏನೆನ್ನುತ್ತಾರೆ ಎನ್ನುವುದೊಂದೇ ಅವನಿಗೆ ಬಾಧೆ. ಆಮೇಲೆ ಅದೂ ರೂಢಿಯಾಯಿತು. ಮೀಸೆ ಬೆಳೆಯಿತು. ಎಣ್ಣೆ ಹಚ್ಚಿ ತಿರುವಿಕೊಂಡು ಓಡಾಡುತ್ತಿದ್ದ. ಮತ್ತೆ ಎಷ್ಟೋ ಸಲ ಟೆಂಪೋ ಹೊರಟಿತು. ಮಾಲಿನಿ ಹೋಗಲಿಲ್ಲ.

ಮಾಲಿನಿ ಎತ್ತರವಾದಳು. ಅಜ್ಜಿ ಕೈ ಹಿಡಿಯುವ ಬದಲು ಅವಳೇ ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸುವಂತಾಯಿತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಒಂದು ಸಾಧಾರಣ ಬೆಳಿಗ್ಗೆ, ಎಂದಿನ ಹೊತ್ತಿಗೆ ರಸ್ತೆಯಲ್ಲಿ ಅಜ್ಜಿ ಕಾಣಲಿಲ್ಲವೆಂದು ಅವಳು ಮಿಷನ್ನಿನ ಒಳಗೆ ಬಂದಳು. ಚೆನ್ನಮ್ಮಕ್ಕ ನಿದ್ದೆಯಲ್ಲೇ ಹೋಗಿದ್ದಳು. ನಾವಿಬ್ಬರೂ ಸೇರಿ ಅವಳನ್ನು ಜಗಲಿಗೆ ತಂದು ಮಲಗಿಸಿದೆವು. ಸುದ್ದಿ ಮುಟ್ಟಿದ್ದೇ ರವಿಕುಮಾರ ಓಡಿಬಂದ. ನನ್ನ ಬಿಟ್ಟು ಹೋದ್ಯಾ ಅಮ್ಮಾ ಎಂದು ಎದೆ ಬಡಿದುಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಅತ್ತ. ಅವನ ಅಳು ನಿಜವೇ ಇರಬಹುದು. ನನಗೆ ಅದನ್ನು ಕೇಳಲಾಗಲಿಲ್ಲ, ಅಸಹ್ಯವಾಯಿತು. ಅಳುವ ನಡುವೆಯೇ ತಲೆ ಎತ್ತಿ ಹೆಂಡತಿಗೆ ಹೇಳಿದ: "ಸ್ಕೂಲಿಗೆ ಫೋನ್ ಮಾಡೇ. ಹನ್ನೊಂದು ದಿನ ಬರಲ್ಲ ಅಂತ ಹೇಳು."

ಮಾಲಿನಿ ಅಜ್ಜಿಯ ಪಕ್ಕದಿಂದ ಎದ್ದಳು. ಮುಖ ತೊಳೆದುಕೊಂಡು, ಬಿಚ್ಚಿಹೋಗಿದ್ದ ಜಡೆಯ ರಿಬ್ಬನ್ನು ಕಟ್ಟಿಕೊಂಡು, ಬ್ಯಾಗು ಹೆಗಲಿಗೆ ಹಾಕಿದಳು. ಅಜ್ಜಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ರಸ್ತೆಗೆ ಇಳಿದಳು. ಸುದ್ದಿ ಕೇಳಿ ಸೇರಿದ್ದ ಬೀದಿಯ ಹೆಂಗಸರು ಇದೆಂಥ ಕಲ್ಲೆದೆಯ ಹುಡುಗಿ ಎಂದು ಬಾಯಿಗೆ ಸೆರಗು ಇಟ್ಟುಕೊಂಡರು.

"ಎಲ್ಲಿಗೇ ಹೋಗ್ತಿದ್ದೀಯ? ಅಜ್ಜಿ ಸತ್ತವ್ರೆ, ಕಣ್ ಕಾಣ್ತಿಲ್ವಾ?" ಎಂದು ರವಿಕುಮಾರ ಕೂಗಿದ.

ಮಾಲಿನಿ ತಿರುಗಿ ನಿಂತಳು. ದನಿ ಏರಿಸಲೂ ಇಲ್ಲ.

"ಅಜ್ಜಿ ಸೂತಕದ ರಜಾ ನಾಲ್ಕನೇ ಕ್ಲಾಸಲ್ಲೇ ತಗೊಂಡಾಯ್ತಲ್ಲಪ್ಪ. ಪಾಠ ಎಲ್ಲಾ ಕೇಳ್ಕೊಂಡು ಬಾ ಅಂತ ಅಜ್ಜಿ ಯಾವಾಗ್ಲೋ ಹೇಳವ್ರೆ. ಸಾಯಂಕಾಲ ಬತ್ತೀನಿ."

ಅವನ ಅಳು ಗಕ್ಕನೆ ನಿಂತಿತು. ಆ ಹೊತ್ತಿಗೆ ಯಾರೋ ಪಕ್ಕದ ಬೀದಿಯಿಂದ ಕರೆತಂದ ಕ್ಷೌರದವನು ಚೀಲ ಬಿಚ್ಚುತ್ತಿದ್ದ. ರವಿಕುಮಾರ ಮೀಸೆಯ ಮೇಲೆ ಅಂಗೈ ಮುಚ್ಚಿಕೊಂಡು ಕೂತುಬಿಟ್ಟ.

ಬೆಲ್ಲಿಗೆ ಮೊದಲೇ ಮಾಲಿನಿ ಗೇಟು ದಾಟಿದ್ದಳಂತೆ. ಸಾಯಂಕಾಲ ಅವಳು ಬಂದ ಮೇಲೆ ಚೆನ್ನಮ್ಮಕ್ಕನನ್ನು ಎತ್ತಿದೆವು.